ಏಳಕ್ಕೆ ಏಳು

ಹಳ್ಳಿಖೇಡ (ಬಿ)
9 ಆಗಸ್ಟ್ 2024, ಶುಕ್ರವಾರ

ಉಜ್ವಲಾ ಮೇಡಂ ಅವರಿಗೆ ಧೂಳಮ್ಮನ ಶರಣು.

ಹೆರಿಗೆಗೆಂದು ಕಲ್ಯಾಣದ ತವರಿಗೆ ಹೋಗುವ ಮುಂಚೆ ನೀವು, ವಾರಕ್ಕೊಮ್ಮೆ ಕೂಡಿಸಿ ದುಃಖ ಕೇಳುವ ನಮ್ಮ ಗುಂಪಿನ ಎಂಟೂ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಿದ್ದಿರಿ: "ಬಾಯಿಲೆ ಹೇಳಾಕ ಆಗಲಿಲ್ಲಂದ್ರ ಕಾಗದದಾಗ ಬರೀರಿ." ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆವರೆಗೆ ಓದಿದವಳು ನಾನು, ಶಾಲೆಯ ಕನ್ನಡದಲ್ಲೇ ಬರೆಯುತ್ತೇನೆ. ತಪ್ಪಿದ್ದರೆ ಕೆಂಪು ಶಾಯಿ ಹಿಡಿಯಬೇಡಿ.

ನಿನ್ನೆ ಹುಮನಾಬಾದಿನಲ್ಲಿ, ಗುರುವಾರದ ಗುಂಪಿನಲ್ಲಿ, ನಾನು ಯಶೋದಾಬಾಯಿಗೆ ಬೈದೆ. ಸಣ್ಣ ದನಿಯಲ್ಲಲ್ಲ, ಬಸ್ ಸ್ಟ್ಯಾಂಡಿನವರೆಗೆ ಕೇಳುವ ಹಾಗೆ. ನಿಮ್ಮ ಬದಲಿಗೆ ಕೂಡುತ್ತಿರುವ ಸಾಕ್ಷಿ ಮೇಡಂ ಪಾಪ, ಇನ್ನೂ ಎಳೆಯವಳು, ನೀರಿನ ಬಾಟ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಆಫೀಸಿನಿಂದ ನಿಮಗೆ ದೂರು ಬಂದೇ ಬರುತ್ತದೆ. ಅದಕ್ಕೂ ಮೊದಲು ನನ್ನಿಂದಲೇ ಕೇಳಿ.

ನನ್ನ ಗೋವರ್ಧನ ಹೇಗೆ ಹೋದ ಅಂತ ನಿಮಗೆ ಹೇಳಿದ್ದೇನೆ. ಹೋದ ವರ್ಷ ಸಂಕ್ರಾಂತಿ ಮುಗಿದ ಮೂರನೆಯ ದಿನ, ಹೊತ್ತು ಮುಳುಗುವಾಗ ಹಿಂಡನ್ನು ರಸ್ತೆ ದಾಟಿಸುತ್ತಿದ್ದ. ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಒಂದು ಸಂಗತಿ ಮಾತ್ರ ನಿಮಗೆ ಹೇಳಿರಲಿಲ್ಲ. ಆ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಮನ್ನಾಏಖೇಳ್ಳಿಯ ತುಳಜಾರಾಮ. ಯಶೋದಾಬಾಯಿ ಅವನ ಹೆಂಡತಿ. ನನಗೆ ಮೊದಲ ಗುರುವಾರವೇ ಗೊತ್ತಾಯಿತು. ನಾನು ಯಾರೆಂದು ಆಕೆಗೂ ಗೊತ್ತಾಯಿತು. ಹನ್ನೆರಡು ವಾರ ನಾವಿಬ್ಬರೂ ಎದುರುಬದುರು ಕೂತು ಒಂದೇ ತಟ್ಟೆಯ ಬಿಸ್ಕೀಟು ತಿಂದೆವು. ಕೊನೆಯಲ್ಲಿ ನೀವು ಕೊಡುವ ಒಗ್ಗಟ್ಟಿನ ಹಾಳೆಯಲ್ಲಿ "ಈ ಗುಂಪಿನವರೆಲ್ಲ ನನಗೆ ಹತ್ತಿರದವರು" ಅಂತ ಇದೆಯಲ್ಲ, ಅದಕ್ಕೆ ಏಳಕ್ಕೆ ಏಳು ಹಾಕಿದೆವು. ಬೂದಿ ಮುಚ್ಚಿದ ಕೆಂಡಕ್ಕೆ ನಾವು ಕೊಟ್ಟ ಅಂಕ ಅದು.

ನಿನ್ನೆ ಆಕೆ ಅಳುತ್ತ, "ನನ್ನ ಗಂಡ ಆವತ್ತಿಂದ ಮಲಗಿದ ಹೊರಸು ಬಿಟ್ಟು ಏಳವಲ್ಲ, ಯಾರ ಜೋಡಿನೂ ಮಾತಾಡವಲ್ಲ" ಅಂದಳು. ನನಗೆ ತಡೆಯಲಾಗಲಿಲ್ಲ.

"ನಿನ್ನ ಗಂಡ ಹೊರಸಿನ ಮ್ಯಾಲರೆ ಅದಾನ. ನನ್ನ ಮಗ ಎಲ್ಲಿ ಅದಾನ? ಅಂಬುಲೆನ್ಸ್ ಬರೋತನ ಅವನ ಹತ್ರ ಇದ್ದಾಂವ ನಿನ್ನ ಗಂಡ ಒಬ್ಬನೇ. ಕಡೀಕ ನನ್ನ ಮಗ ಏನಂದ? ನೀರು ಕೇಳಿದನೇನು? ನನ್ನ ಹೆಸರು ಹಿಡಿದನೇನು? ಹೇಳ!"

ಆಕೆ ಚೀಲ ಎತ್ತಿಕೊಂಡು ಹೋಗಿಬಿಟ್ಟಳು.

ಮೇಡಂ, ನನಗೆ ಬೇಕಾದದ್ದು ಅದೊಂದೇ ಮಾತು. ಅದಿಲ್ಲದೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿಲ್ಲ. ಆಕೆಯ ಮನೆಯ ಹೊಸ್ತಿಲನ್ನು ನಾನು ತುಳಿಯಲಾರೆ, ನನ್ನ ಹೊಸ್ತಿಲನ್ನು ಆಕೆ ತುಳಿಯಲಾರಳು. ನಾವಿಬ್ಬರೂ ಕೂಡಬಹುದಾದ ಜಾಗ ಈ ಲೋಕದಲ್ಲಿ ಗುಂಪು ಕೂಡುವ ಆ ಬಾಡಿಗೆ ಕೋಣೆ ಒಂದೇ. ಬೈದದ್ದಕ್ಕೆ ನಾನು ಮಾಫಿ ಕೇಳುವುದಿಲ್ಲ. ಆದರೆ ಆಕೆ ತಿರುಗಿ ಬರಬೇಕು.

ಈ ಕಾಗದವನ್ನು ಕಲ್ಯಾಣದ ಬಸ್ಸಿನ ಕಂಡಕ್ಟರ್ ಬಸವಣಪ್ಪನ ಕೈಗೆ ಕೊಡುತ್ತಿದ್ದೇನೆ. ಟಪಾಲಿಗಿಂತ ಅವನೇ ಜಲ್ದಿ.

ಧೂಳಮ್ಮ


ಬಸವಕಲ್ಯಾಣ
17 ಆಗಸ್ಟ್ 2024

ಧೂಳಮ್ಮ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಸಿಕ್ಕ ಮರುದಿನವೇ ನನಗೆ ಹೆಣ್ಣುಮಗು ಹುಟ್ಟಿತು. ಬಾಣಂತಿ ಬರೆಯಬಾರದು, ಕಣ್ಣು ಹೋಗುತ್ತದೆ ಅಂತ ಅವ್ವ ಪೆನ್ನು ಬಚ್ಚಿಟ್ಟಿದ್ದಾಳೆ. ಕದ್ದು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಗುಂಪು ಕಟ್ಟುವಾಗ ಪ್ರತಿಯೊಬ್ಬರ ಊರು, ವಯಸ್ಸು, ನಿದ್ದೆ, ಊಟ ಎಲ್ಲ ಕೇಳಿದೆ. ಯಶೋದಾಬಾಯಿಯ ಗಂಡನಿಗೆ ಏನಾಗಿದೆ ಅಂತಲೂ ಕೇಳಿದೆ, "ಅವ್ರ ಕೈಲೆ ಒಂದು ಅಪಘಾತ ಆಗ್ಯಾದ" ಅಂದರು. ಯಾವ ಅಪಘಾತ ಅಂತ ಕೇಳಲಿಲ್ಲ. ಕೇಳಿದ್ದರೆ ನಿಮ್ಮಿಬ್ಬರನ್ನು ಒಂದೇ ಕೋಣೆಯಲ್ಲಿ ಕೂಡಿಸುತ್ತಿರಲಿಲ್ಲ. ಅದಕ್ಕೆ ನಾನು ಮಾಫಿ ಕೇಳುತ್ತೇನೆ, ನೀವು ಕೇಳದಿದ್ದರೂ.

ಇನ್ನು ಆಫೀಸಿನ ಮಾತು. ಹುಮನಾಬಾದಿನ ಗುಂಪಿನ ಒಗ್ಗಟ್ಟು ಹನ್ನೆರಡು ವಾರವೂ ಏಳಕ್ಕೆ ಏಳರ ಹತ್ತಿರವೇ ಇತ್ತು. ಮೊದಲ ಎಂಟು ವಾರದ ಅಂಕದ ಮೇಲೆಯೇ ನಾನು ಒಂದು ಪ್ರಬಂಧ ಬರೆದು, ಜುಲೈನಲ್ಲಿ ದೊಡ್ಡ ಡಾಕ್ಟರುಗಳ ಮುಂದೆ ಓದಿ ಚಪ್ಪಾಳೆ ತೆಗೆದುಕೊಂಡು ಬಂದೆ. ಈಗ ನಮ್ಮ ಸಂಯೋಜಕ ಅನೀಲಕುಮಾರ ಸರ್ ಫೋನು ಮಾಡಿ, ಒಂದೇ ವಾರದಲ್ಲಿ ಎರಡೂವರೆಗೆ ಬಿದ್ದಿದೆ ಅಂದರು. ನನಗೆ ಒಂದು ತಿಳಿಯುತ್ತಿಲ್ಲ. ಜಗಳವಾಡಿದವರು ನೀವಿಬ್ಬರು. ಯಶೋದಾಬಾಯಿ ಹಾಳೆ ತುಂಬದೆಯೇ ಹೋದರು. ಉಳಿದ ಆರು ಜನರ ಅಂಕ ಯಾಕೆ ಬಿತ್ತು?

ಕೋಪ ತಪ್ಪಲ್ಲ ಧೂಳಮ್ಮ. ಆದರೆ ಆ ಪ್ರಶ್ನೆಯನ್ನು ಯಶೋದಾಬಾಯಿ ಹೊರಲಾರರೇನೋ ಅಂತ ಭಯವಾಗುತ್ತದೆ.

ನಿಮ್ಮ
ಉಜ್ವಲಾ


ಹಳ್ಳಿಖೇಡ (ಬಿ)
23 ಆಗಸ್ಟ್ 2024

ಉಜ್ವಲಾ ಮೇಡಂ ಅವರಿಗೆ,

ಕೂಸಿಗೆ ನನ್ನ ದೃಷ್ಟಿ ತಾಗದಿರಲಿ. ಅಂಗಾಲಿಗೆ ಕಾಡಿಗೆ ಹಚ್ಚಿರಿ. ನೀವು ಓದಿದವರು, ನಂಬುವುದಿಲ್ಲ, ಆದರೂ ಹಚ್ಚಿರಿ.

ಆರು ಜನರ ಅಂಕ ಯಾಕೆ ಬಿತ್ತು ಅಂತ ಕೇಳಿದಿರಿ. ಹೇಳಿದರೆ ನಗುತ್ತೀರೋ ಅಳುತ್ತೀರೋ ಗೊತ್ತಿಲ್ಲ. ಮೇಡಂ, ಹನ್ನೆರಡು ವಾರ ನಿಮಗೆ ಬಂದದ್ದು ಎಂಟು ಹಾಳೆ, ಆದರೆ ಉತ್ತರ ಒಬ್ಬಳದ್ದೇ. ನನ್ನದು. ಗುಂಪಿನಲ್ಲಿ ಸರಾಗವಾಗಿ ಓದುವವಳು ನಾನೊಬ್ಬಳೇ. ನೀವು ಹಾಳೆ ಕೊಟ್ಟು, "ಯಾರದನ್ನೂ ಯಾರೂ ನೋಡಬಾರದು" ಅಂತ ಹೇಳಿ ಮರ್ಯಾದೆಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದಿರಲ್ಲ, ಆಗ ಎಲ್ಲರೂ ನನ್ನ ಹಾಳೆ ನೋಡಿ ಅದೇ ಅಂಕಕ್ಕೆ ಗುಂಡು ಸುತ್ತುತ್ತಿದ್ದರು. ಹಜಿರಾ ಬೀಗೆ ಅಕ್ಷರವೇ ಬಾರದು, ಅವಳದ್ದನ್ನೂ ನಾನೇ ತುಂಬುತ್ತಿದ್ದೆ. ಗುಂಪಿನಲ್ಲಿ ಗೋವಿಂದ!

ಏಳು ಯಾಕೆ ಅಂದರೆ, ಅದು ನಿಮ್ಮ ಪರೀಕ್ಷೆ ಅಂತ ತಿಳಿದಿದ್ದೆವು. ನಾವು ಕಮ್ಮಿ ಹಾಕಿದರೆ ನಿಮ್ಮ ಪಗಾರ ನಿಲ್ಲುತ್ತದೆ, ಬಸುರಿ ಹೆಣ್ಣುಮಗಳನ್ನು ಮನೆಗೆ ಕಳಿಸುತ್ತಾರೆ ಅಂತ. ಹಜಿರಾ ಬೀ ಹೇಳಿದ್ದು ಇನ್ನೂ ನೆನಪಿದೆ: "ಅಕಿ ನಮ್ಮ ದುಃಖ ಕೇಳ್ತಾಳ, ನಾವು ಅಕೀಗಿ ಪಾಸ್ ಮಾಡ್ಸೋಣು." ಉಂಡ ಮನೆಯಲ್ಲಿ ಉಪ್ಪು ಕಮ್ಮಿ ಅಂತ ಯಾರಾದರೂ ಹೇಳುತ್ತಾರೆಯೇ?

ಆವತ್ತು ಯಶೋದಾ ಎದ್ದು ಹೋದ ಮೇಲೆ ನಾನು ನನ್ನ ಹಾಳೆಯನ್ನು ಕೈಯಿಂದ ಮುಚ್ಚಿಕೊಂಡೆ. "ನಿಮ್ಮ ನಿಮ್ಮದು ನೀವ ಹಾಕ್ರಿ" ಅಂದೆ. ಹಜಿರಾ ಬೀಗೆ ಒಂದೊಂದೇ ಪ್ರಶ್ನೆ ಓದಿ ಹೇಳಿದೆ. "ಇಲ್ಲಿ ನಾನು ನಿರ್ಭಯವಾಗಿ ಮಾತಾಡಬಲ್ಲೆ" ಅನ್ನುವುದಕ್ಕೆ ಅವಳು ಒಂದು ಅಂಕ ಹಾಕಿಸಿದಳು. ಮೂರು ತಿಂಗಳು ಆ ಹೆಂಗಸು ನಮ್ಮ ನಡುವೆ ಅಂಜಿಕೊಂಡು ಕೂತಿದ್ದಳು, ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಬಸ್ಸಿಗೆ ಹೋಗುವಾಗ ಅಂಜಿಕೆ ಯಾತರದ್ದು ಅಂತ ಎಲ್ಲ ಹೇಳಿದಳು. ನಿಮ್ಮ ಎರಡೂವರೆ ಅಂದರೆ ಇದು. ಬಿದ್ದದ್ದಲ್ಲ, ಖರೆ ಆದದ್ದು.

ಎರಡು ಹಿಂಡು ಕೂಡಿಸಿದರೆ ಎಂಟು ದಿನ ಟಗರುಗಳು ಗುದ್ದಾಡುತ್ತವೆ. ಗುದ್ದಾಡದೆ ನಿಂತರೆ ನಾವು ಫಿಕರ್ ಮಾಡುತ್ತೇವೆ, ಏನೋ ಬ್ಯಾನೆ ಇದೆ ಅಂತ.

ಹದಿನೈದನೇ ತಾರೀಖು ಸ್ವಾತಂತ್ರ್ಯದ ರಜೆ. ನಿನ್ನೆ ಏಳು ಜನ ಕೂಡಿದ್ದೆವು, ಯಶೋದಾ ಬರಲಿಲ್ಲ. ಆಕೆಯ ಕುರ್ಚಿಯನ್ನು ಎತ್ತಿಡಲು ನಾನು ಬಿಡಲಿಲ್ಲ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ?

ಧೂಳಮ್ಮ


30 ಆಗಸ್ಟ್ 2024

ಹುಮನಾಬಾದ್ ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ

ಸದರಿ ಗುಂಪಿನ ಒಗ್ಗಟ್ಟಿನ ಸರಾಸರಿ ನಿಗದಿತ ನಾಲ್ಕು ಅಂಕಗಳಿಗಿಂತ ಕೆಳಗಿಳಿದಿರುವುದು ಕಂಡುಬಂದಿದೆ. ಸೆಪ್ಟೆಂಬರ್ 26ರೊಳಗೆ ಸುಧಾರಣೆ ಕಾಣದಿದ್ದಲ್ಲಿ ಗುಂಪನ್ನು ಮುಕ್ತಾಯಗೊಳಿಸಿ, ಸದಸ್ಯರನ್ನು ಚಿಟಗುಪ್ಪ ಮತ್ತು ಬೀದರ್ ಗುಂಪುಗಳಿಗೆ ಹಂಚಲಾಗುವುದು. ಪರಸ್ಪರ ಮನಸ್ತಾಪವಿರುವ ಸದಸ್ಯರನ್ನು ಒಂದೇ ಗುಂಪಿನಲ್ಲಿ ಇರಿಸಲಾಗುವುದಿಲ್ಲ. ಸಹಕರಿಸಬೇಕಾಗಿ ವಿನಂತಿ.

ಅನೀಲಕುಮಾರ
ಸಂಯೋಜಕ


ಬಸವಕಲ್ಯಾಣ
2 ಸೆಪ್ಟೆಂಬರ್ 2024

ಧೂಳಮ್ಮ ಅವರಿಗೆ,

ಅನೀಲಕುಮಾರ ಸರ್ ಕಾಗದ ನಿಮಗೂ ಬಂದಿರುತ್ತದೆ. ಅವರು ಕೆಟ್ಟವರಲ್ಲ, ಮೇಲಿನವರಿಗೆ ಅಂಕ ತೋರಿಸಬೇಕು. ನಾನು ರಜೆಯಲ್ಲಿದ್ದೇನೆ, ನನ್ನ ಮಾತು ನಡೆಯುವುದಿಲ್ಲ.

ನಿಮ್ಮ ಹಿಂದಿನ ಕಾಗದವನ್ನು ನಾಲ್ಕು ಸಲ ಓದಿದೆ. ಓದಿ ನಕ್ಕೆ. ಆಮೇಲೆ ನನ್ನ ಪ್ರಬಂಧ ತೆಗೆದು ನೋಡಿ ನಾಚಿಕೆಯಾಯಿತು.

ಈಗ ಒಂದು ಮಾತು ಹೇಳುತ್ತೇನೆ, ಹೇಳಬಾರದು, ಆದರೂ ಹೇಳುತ್ತೇನೆ. ಇನ್ನು ನಾಲ್ಕು ಗುರುವಾರ ಇವೆ. ನಾಲ್ಕೂ ವಾರ ನೀವೆಲ್ಲ ಐದೋ ಆರೋ ಹಾಕಿ. ಹಿಂದೆ ಹಾಕಿದ ಹಾಗೆಯೇ. ಗುಂಪು ಉಳಿಯುತ್ತದೆ. ಗುಂಪು ಉಳಿದರೆ ಯಶೋದಾಬಾಯಿ ಎಂದಾದರೂ ಬರಬಹುದು, ನಿಮ್ಮ ಪ್ರಶ್ನೆಗೆ ಉತ್ತರ ಸಿಗಬಹುದು. ಒಳ್ಳೆಯದಕ್ಕೆ ಒಂದು ಸಣ್ಣ ಸುಳ್ಳು. ಈ ಕಾಗದ ಓದಿ ಹರಿದುಬಿಡಿ.

ಉಜ್ವಲಾ


ಹಳ್ಳಿಖೇಡ (ಬಿ)
6 ಸೆಪ್ಟೆಂಬರ್ 2024

ಉಜ್ವಲಾ ಮೇಡಂ,

ಹರಿಯಲಿಲ್ಲ. ಇಟ್ಟುಕೊಂಡಿದ್ದೇನೆ.

ನಿನ್ನೆ ಗುಂಪಿನಲ್ಲಿ ನಿಮ್ಮ ಹೆಸರು ಹೇಳದೆ ಕೇಳಿದೆ, "ಆರು ಆರು ಹಾಕಿದ್ರ ಗುಂಪು ಉಳೀತದಂತ, ಹಾಕೋಣೇನು?" ಹಜಿರಾ ಬೀ ಅಂದಳು: "ನಂದು ಒಂದರಿಂದ ಮೂರಕ್ಕ ಬಂದದ. ಅದು ನಾ ಗಳಿಸಿದ್ದು. ಅದರಾಗ ಸುಳ್ಳು ಕಲಸಬ್ಯಾಡ್ರಿ." ಆಮೇಲೆ ಮತ್ತೇನು ಕೇಳುವುದಿತ್ತು?

ನಮ್ಮ ಕೋಪವನ್ನು ನಾವು ಹೊರಗೆ ಹಾಕಬೇಕು ಅಂತ ಕಲಿಸಿದವರು ನೀವು. ಹಾಕಿದೆವು. ಈಗ ಅದನ್ನೇ ತಿರುಗಿ ನುಂಗು ಅಂತೀರಿ, ಆಫೀಸಿಗೆ ಎದೆಯುರಿ ಬಂದಿದೆ ಅಂತ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಹಾಗೆ, ಒಗ್ಗಟ್ಟು ಇಲ್ಲದಾಗ ನಿಮಗೆ ಅಂಕ ಬಂತು, ಒಗ್ಗಟ್ಟು ಬರತೊಡಗಿದಾಗ ಅಂಕವಿಲ್ಲ.

ನಾನು ಕುರಿ ಕಾಯುವವಳು. ನನಗೆ ತಿಳಿದದ್ದು ಹೇಳುತ್ತೇನೆ, ಬೇಕಾದರೆ ಮುಂದಿನ ಪ್ರಬಂಧಕ್ಕೆ ಹಾಕಿಕೊಳ್ಳಿ. ತೋಳದ ವಾಸನೆ ಬಂದಾಗ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ರಸ್ತೆಯಲ್ಲಿ ಹೋಗುವವರು ನೋಡಿ, ಎಷ್ಟು ಒಗ್ಗಟ್ಟು ನೋಡಿ ಅನ್ನಬೇಕು, ಹಾಗೆ. ನೆಮ್ಮದಿಯಾಗಿರುವ ಹಿಂಡು ಹೊಲದ ತುಂಬ ಹರಡಿ ಮೇಯುತ್ತದೆ. ಒಂದು ಇಲ್ಲಿ, ಒಂದು ಅಲ್ಲಿ, ಬೆನ್ನು ತಿರುಗಿಸಿಕೊಂಡು. ಆದರೆ ಸಂಜೆ ಹಟ್ಟಿಗೆ ಎಲ್ಲವೂ ಬರುತ್ತವೆ. ಯಾವುದು ಒಗ್ಗಟ್ಟು?

ನಿಮ್ಮ ಹಾಳೆಯಲ್ಲಿ ಹತ್ತು ಪ್ರಶ್ನೆ ಇವೆ. ಸಿಟ್ಟಿದ್ದರೂ ಮುಂದಿನ ಗುರುವಾರ ಬರುತ್ತೀಯಾ ಅಂತ ಒಂದೂ ಇಲ್ಲ.

ನನಗೆ ಆ ಮಾತು ಬೇಕು, ಗೋವರ್ಧನನ ಕಡೆಯ ಮಾತು. ಅದು ಸಿಗದಿದ್ದರೆ ನಾನು ಸಾಯುವವರೆಗೂ ಆ ರಸ್ತೆಯಲ್ಲೇ ನಿಂತಿರುತ್ತೇನೆ. ಇಷ್ಟಿದ್ದರೂ ಹೇಳುತ್ತೇನೆ, ಸುಳ್ಳು ಅಂಕ ಹಾಕಿ ಉಳಿಸಿದ ಕೋಣೆಗೆ ಯಶೋದಾ ಬಂದು ಕೂತರೆ ಆಕೆ ನನಗೆ ಸುಳ್ಳನ್ನೇ ಹೇಳುತ್ತಾಳೆ. ಅಂಥ ಜಾಗದಲ್ಲಿ ಯಾರಾದರೂ ಖರೆ ಯಾಕೆ ಹೇಳಬೇಕು?

ನಿನ್ನೆಯ ನನ್ನ ಅಂಕ ಮೂರು. ಅನೀಲಕುಮಾರ ಸಾಹೇಬರಿಗೆ ಹೇಳಿ, ಮುಚ್ಚುವವರು ಮುಚ್ಚಲಿ.

ಧೂಳಮ್ಮ


ಬಸವಕಲ್ಯಾಣ
12 ಅಕ್ಟೋಬರ್ 2024

ಧೂಳಮ್ಮವ್ವನಿಗೆ,

ಒಂದು ತಿಂಗಳಿಗೂ ಹೆಚ್ಚು ನಿಮಗೆ ಬರೆಯಲಿಲ್ಲ. ಬಾಣಂತನ ಅಂತ ನೆಪ ಹೇಳಬಹುದು. ಹೇಳುವುದಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು. ಕಾಲೇಜಿನಲ್ಲಿ ಇದನ್ನೇ ಆರು ವರ್ಷ ಓದಿದ್ದೇನೆ, ಕುರಿ ಕಾಯುವವರಿಂದ ಪಾಠ ಹೇಳಿಸಿಕೊಳ್ಳಬೇಕೇ ಅಂತ ಒಂದು ದಿನ ಅವ್ವನ ಮುಂದೆ ಅಂದೂಬಿಟ್ಟೆ. ಅವ್ವ ಕೂಸಿಗೆ ಎಣ್ಣೆ ಹಚ್ಚುತ್ತ, "ಅಂದ್ರ ಅಕಿ ಹೇಳಿದ್ದು ಖರೆ ಅದ ಅಂದಂಗಾಯ್ತು" ಅಂದಳು.

26ಕ್ಕೆ ಗುಂಪು ಮುಚ್ಚಿತು ಅಂತ ಸಾಕ್ಷಿ ಹೇಳಿದಳು. ಕುರ್ಚಿ, ಜಮಖಾನೆ ಎಲ್ಲ ಬೀದರಿಗೆ ಹೋದವಂತೆ. ಸರ್ ಕುರ್ಚಿ ಎಣಿಸುವಾಗ ನೀವು ಒಂದರ ಮೇಲೆ ಕೂತು ಏಳಲೇ ಇಲ್ಲವಂತೆ. ಅದು ಯಶೋದಾಬಾಯಿಯ ಕುರ್ಚಿ ಅಂತಲೂ ಹೇಳಿದಳು.

ನಾನು ಮಾಡಿದ್ದು ಇಷ್ಟು. ಪ್ರಬಂಧ ಓದಿದ ಕಡೆಗೆ ಬರೆದೆ: ಹುಮನಾಬಾದಿನ ಹನ್ನೆರಡು ವಾರಗಳ ಅಂಕ ಒಬ್ಬರದ್ದೇ ನಕಲು, ನಾನು ನೋಡದೆ ಹೋದೆ, ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂತ. ಅನೀಲಕುಮಾರ ಸರ್‌ಗೂ ಬರೆದೆ: ನೀವು ಮುಚ್ಚಿದ್ದು ಒಡೆದ ಗುಂಪನ್ನಲ್ಲ, ಆಗತಾನೆ ಕಟ್ಟಿಕೊಳ್ಳುತ್ತಿದ್ದ ಗುಂಪನ್ನು. ಸುಳ್ಳು ಅಂಕ ಹಾಕಿ ಅಂತ ನಿಮಗೆ ಹೇಳಿದ್ದನ್ನೂ ಬರೆದೆ. ಅವರು ನೊಂದುಕೊಂಡರು. ರಜೆ ಮುಗಿದ ಮೇಲೆ ನನ್ನನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕರೆಯದಿದ್ದರೆ ಕಲ್ಯಾಣದಲ್ಲೇ ಇಂಥದ್ದೊಂದು ಗುಂಪಿಗೆ ಕೋಣೆ ಹಿಡಿಯುತ್ತೇನೆ.

ಹುಮನಾಬಾದಿನಲ್ಲೇ ಹಜಿರಾ ಬೀ ಅವರ ಮನೆಯ ಅಂಗಳದಲ್ಲಿ ನೀವು ಈಗಲೂ ಗುರುವಾರ ಕೂಡುತ್ತೀರಿ ಅಂತ ಕಂಡಕ್ಟರ್ ಬಸವಣಪ್ಪ ಹೇಳಿದ. ಖರೆಯೇ? ಎಷ್ಟು ಜನ?

ನಿಮ್ಮ
ಉಜ್ವಲಾ


ಹಳ್ಳಿಖೇಡ (ಬಿ)
25 ಅಕ್ಟೋಬರ್ 2024, ಶುಕ್ರವಾರ

ಉಜ್ವಲಾ, ನನ್ನವ್ವಾ,

ಇನ್ನು ಮೇಡಂ ಅನ್ನುವುದಿಲ್ಲ. ಗುಂಪು ನಿಮ್ಮದಲ್ಲ, ಈಗ ನಮ್ಮದು.

ಹೌದು, ಕೂಡುತ್ತೇವೆ. ಕುರ್ಚಿ ಒಯ್ದರೆ ಒಯ್ಯಲಿ. ನಮ್ಮ ಮನೆಯ ಕಂಬಳಿ ಒಯ್ದು ಹಾಸಿದ್ದೇನೆ. ಚಿಟಗುಪ್ಪಕ್ಕೆ ಹೋಗು ಅಂತ ಹೇಳಿದವರು ಚಿಟಗುಪ್ಪಕ್ಕೆ ಹೋಗಲಿಲ್ಲ, ಬೀದರಿಗೆ ಹೋಗು ಅಂತ ಹೇಳಿದವರು ಬೀದರಿಗೆ ಹೋಗಲಿಲ್ಲ. ಸಾಕ್ಷಿ ಹುಡುಗಿಯೂ ರಜೆ ಹಾಕಿ ಬರುತ್ತಾಳೆ, ಈಗ ನೀರಿನ ಬಾಟ್ಲಿ ಹಿಡಿದು ನಿಲ್ಲುವುದಿಲ್ಲ. ಕೂಡುತ್ತಾಳೆ. ಅವಳನ್ನು ಬಿಟ್ಟು ಏಳು ಜನ ಇದ್ದೆವು. ನಿನ್ನೆ ಎಂಟಾದೆವು.

ಯಶೋದಾ ಬಂದಳು.

ನಾವು ಆಗತಾನೆ ಕೂತಿದ್ದೆವು. ಅಂಗಳದ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು, ಒಳಗೆ ಬರಲೂ ಇಲ್ಲ, ಹೋಗಲೂ ಇಲ್ಲ. ನನಗೆ ಬಾ ಅಂತ ಕರೆಯಲು ಬಾಯಿ ಬರಲಿಲ್ಲ. ಹಜಿರಾ ಬೀ ಹೇಳಿದಳು: "ಸಿಟ್ಟ್ ಇದ್ರ ಇರ್ಲಿ. ಕುಂತು ಸಿಟ್ಟ್ ಮಾಡ್ರಿ, ಕಾಲರೆ ನೋಯಂಗಿಲ್ಲ." ಬಂದು ಕಂಬಳಿಯ ಮೇಲೆ ಕೂತಳು, ನನ್ನ ಎದುರಿಗೇ. ಅದು ಗೋವರ್ಧನ ಹೊದೆಯುತ್ತಿದ್ದ ಕಂಬಳಿ ಅಂತ ಆಕೆಗೆ ನಾನು ಹೇಳಲಿಲ್ಲ.

"ಅಕ್ಕಾ, ನೀ ಕೇಳಿದ್ದು ನನಗೂ ಗೊತ್ತಿರಲಿಲ್ಲ. ನಾ ಅವರಿಗಿ ಒಮ್ಮೆನೂ ಕೇಳಿರಲಿಲ್ಲ, ಅಂಜಿಕಿ ಬರತಿತ್ತು. ಎರಡೂವರಿ ತಿಂಗಳು ದಿನಾ ಹೊರಸಿನ ಹತ್ರ ಕುಂತು ಕೇಳ್ದೆ. ಮೊನ್ನಿ ಮಂಗಳವಾರ ಹೇಳಿದ್ರು."

ಆಮೇಲೆ ಆಕೆ ಎಲ್ಲ ಹೇಳಿದಳು.

ತುಳಜಾರಾಮ ಇಳಿದು ಬಂದು ನನ್ನ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡನಂತೆ. ಅವನು ನೀರು ಕೇಳಲಿಲ್ಲ. ನನ್ನ ಹೆಸರು ಹಿಡಿಯಲಿಲ್ಲ. "ಕಾಕಾ, ಕುರಿ ಎಲ್ಲಾ ದಾಟಿದ್ವೇನ್ರಿ?" ಅಂತ ಕೇಳಿದನಂತೆ. ತುಳಜಾರಾಮ, "ಎಲ್ಲಾ ದಾಟ್ಯಾವೋ ನನ್ನಪ್ಪಾ, ಆಕಡಿ ನಿಂತು ಮೇಯಾಕತ್ಯಾವ" ಅಂದನಂತೆ. ಆಗ ಗೋವರ್ಧನ ಕಣ್ಣು ಮುಚ್ಚಿದ.

ಉಜ್ವಲಾ, ನಾಲ್ಕು ಕುರಿ ಗಾಲಿಯ ಕೆಳಗೇ ಇದ್ದವು. ಮರುದಿನ ಅವನ್ನು ಕುಣಿ ತೋಡಿ ಹೂಳಿದವಳು ನಾನು. ತುಳಜಾರಾಮ ಅವನ್ನು ನೋಡುತ್ತಲೇ ಹಾಗಂದ. ಅದಕ್ಕೇ ಅವನು ಹೊರಸು ಬಿಟ್ಟು ಏಳುತ್ತಿಲ್ಲವಂತೆ. "ಸಾಯೋ ಹುಡುಗನ ಮುಂದ ಸುಳ್ಳಾಡಿದೆ, ನನಗ ನರಕನೇ" ಅಂತಾನಂತೆ.

ನಾನು ಅತ್ತೆ. ಯಶೋದಾಳೂ ಅತ್ತಳು. ಒಬ್ಬರನ್ನೊಬ್ಬರು ತಬ್ಬಿಕೊಂಡೆವು ಅಂತ ನೀವು ಎಲ್ಲಿಯೂ ಬರೆಯಬೇಡಿ, ತಬ್ಬಿಕೊಳ್ಳಲಿಲ್ಲ. ಅವನನ್ನು ಕ್ಷಮಿಸಿದೆ ಅಂತಲೂ ಬರೆಯಬೇಡಿ. ಸಿಟ್ಟು ಇನ್ನೂ ಇದೆ, ಇರಲಿ, ಅದು ನನ್ನದು. ಆದರೆ ನಿನ್ನೆ ಸಂಜೆ ಮನೆಗೆ ಬಂದು ಎರಡು ರೊಟ್ಟಿ ಉಂಡೆ.

ಐದು ಗಂಟೆಗೆ ಆಕೆ ಎದ್ದಳು, ಮನ್ನಾಏಖೇಳ್ಳಿಯ ಬಸ್ಸಿನ ಹೊತ್ತು.

"ಬರೋ ಗುರುವಾರ ದೀಪಾವಳಿ ಅದ" ಅಂದೆ, ಬಾ ಅಂತ ಹೇಳಲಾಗದೆ.

"ಹಬ್ಬ ಇದ್ರ ಏನಾತು, ಬರ್ತೀನಿ" ಅಂದಳು.

ಓಣಿ ತಿರುಗುವಷ್ಟರಲ್ಲಿ ನಾನು ಎದ್ದು ಬಾಗಿಲಿಗೆ ಓಡಿದೆ. ನಿಮ್ಮ ಹಾಳೆಯಲ್ಲಿ ಹನ್ನೆರಡು ವಾರ ಸುಳ್ಳೇ ಏಳು ಬರೆದವಳು ನಾನು. ಸುಳ್ಳು ಬೇಡ ಅಂತ ನಿಮಗೆ ಎರಡು ಪುಟ ಬೈದವಳೂ ನಾನೇ. ಅದೆಲ್ಲ ನೆನಪಿದ್ದೂ ಕೂಗಿದೆ, ಈ ಸಲವೂ ಬಸ್ ಸ್ಟ್ಯಾಂಡಿನವರೆಗೆ ಕೇಳುವ ಹಾಗೆ:

"ಯಶೋದಾ! ನಿನ್ನ ಗಂಡಗ ಹೇಳು, ಏಳು ಅನ್ನು! ಆ ಒಂದು ಸುಳ್ಳಿಗೆ ಗೋವರ್ಧನನ ಅವ್ವ ಏಳಕ್ಕ ಏಳು ಕೊಟ್ಟಾಳ ಅಂತ ಹೇಳು!"

ಕೂಸನ್ನು ಕರೆದುಕೊಂಡು ಬನ್ನಿ. ಹಾಳೆ ತರಬೇಡಿ.

ನಿಮ್ಮ
ಧೂಳಮ್ಮ